ಪಾಲಿಗೆ ಬಂದ ದಾರಿ

ಹಿಟ್ಟಿನ ಗಿರಣಿ ನಡೆಸೋ ಹೆಂಗಸನ್ನ ನ್ಯಾಯವಾಗಿ ಗಿರಣಿಯಮ್ಮ ಅನ್ನಬೇಕು. ಆದರೆ ಇವಳನ್ನ ಎಲ್ಲರೂ ಕರೆಯೋದು ದಾರಿಯಮ್ಮ ಅಂತ. ಹೆಸರು ಅಂಟಿಸಿದ್ದು ಅವಳ ದೊಡ್ಡಪ್ಪನ ಮನೆಯವರು, ಅದೂ ಗೇಲಿಗೆ. ಇನ್ನೊಬ್ಬಳಾಗಿದ್ದರೆ ಕರೆದವರ ಮುಖಕ್ಕೆ ಹಿಟ್ಟು ಎರಚುತ್ತಿದ್ದಳೋ ಏನೋ. ಇವಳು "ಹೂಂ, ಏನು?" ಅಂತ ತಿರುಗಿ ನೋಡುತ್ತಿದ್ದಳು. ಯಾಕೆಂದರೆ ಆ ಹೆಸರು ಇವಳಿಗೂ ಬೇಕಿತ್ತು. ಯಾರಾದರೂ ದಾರಿಯಮ್ಮ ಅಂದಾಗಲೆಲ್ಲ ದೊಡ್ಡಪ್ಪನ ಒಂದು ಮಾತು ನೆನಪಾಗುತ್ತಿತ್ತು, ಆ ಮಾತನ್ನ ಅವನಿಗೇ ತಿರುಗಿಸಿ ಕೊಡೋ ದಿನಕ್ಕೆ ಅವಳು ಕಾಯುತ್ತಿದ್ದಳು. ಹಿಟ್ಟು ಬೀಸಿದ್ದು ಹೊಟ್ಟೆಪಾಡಿಗೆ. ಬದುಕಿದ್ದು ಆ ದಿನಕ್ಕೆ ಅಂತಲೇ ಇಟ್ಟುಕೊಳ್ಳಿ.

ಹೊಲದ ಕಥೆ ಮೊದಲು ಹೇಳಿಬಿಡುತ್ತೇನೆ. ಅದು ಅವಳ ಮುತ್ತಜ್ಜ ಪೊದೆ ಕಡಿದು, ಕಲ್ಲು ಆಯ್ದು ಮಾಡಿದ ಹೊಲ. ಒಂದು ತುದಿ ರಸ್ತೆಗೆ, ಇನ್ನೊಂದು ತುದಿ ಎಲ್ಲೋ ದೂರದ ಮರಗಳ ಸಾಲಿಗೆ. ಈ ತುದಿಯಲ್ಲಿ ನಿಂತು ಗಂಟಲು ಹರಿಯೋ ಹಾಗೆ ಕೂಗಿದರೂ ಆ ತುದಿಗೆ ಕೇಳಿಸುತ್ತಿರಲಿಲ್ಲವಂತೆ. ಊಟಕ್ಕೆ ಕರೆಯಬೇಕಾದರೆ ಮುತ್ತಜ್ಜಿ ರಸ್ತೆಯ ಹತ್ತಿರ ನಿಂತು ಕೈ ಎತ್ತಿ ಬಟ್ಟೆ ಬೀಸುತ್ತಿದ್ದಳಂತೆ. ಅಜ್ಜನ ಕಾಲಕ್ಕೆ ಕಾಲುವೆ ಬಂದು ಒಂದು ಮಗ್ಗುಲನ್ನು ನುಂಗಿತು. ಉಳಿದದ್ದನ್ನು ಅಜ್ಜ ಹಗ್ಗ ಹಿಡಿದು ಇಬ್ಬರು ಗಂಡುಮಕ್ಕಳಿಗೆ ಹಂಚಿದ. ರಸ್ತೆ ಕಡೆಯದು ದೊಡ್ಡವನಿಗೆ, ಹಿಂದಿನದು ಚಿಕ್ಕವನಿಗೆ, ಅಂದರೆ ದಾರಿಯಮ್ಮನ ಅಪ್ಪನಿಗೆ. ಆಮೇಲೆ ಅವರವರ ಪಾಲಿನೊಳಗೆ ಕೂಗಿದರೆ ಕೇಳಿಸೋ ಹಾಗಾಯಿತು. ಈಗ ದೊಡ್ಡಪ್ಪನ ಮಗನ ಕಾಲದಲ್ಲಂತೂ ರಸ್ತೆ ಕಡೆಯ ಹೊಲವೆಲ್ಲ ಸೈಟುಗಳಾಗಿ, ಒಬ್ಬ ಕೆಮ್ಮಿದರೆ ಪಕ್ಕದ ಮನೆಯವನು ಎದ್ದು ನೀರು ತಂದುಕೊಡಬಹುದು.

ಅಜ್ಜ ಎಲ್ಲ ಹಂಚಿದ, ದಾರಿಯೊಂದನ್ನು ಮರೆತ. ರಸ್ತೆಯಿಂದ ಹೊರಟು ಕಾಲುವೆಯ ಏರಿಯ ಪಕ್ಕದಲ್ಲೇ ಹಿಂದಿನ ಹೊಲದ ಕೊನೆಯವರೆಗೆ ಹೋಗೋ ಗಾಡಿದಾರಿ ಅದು, ಎದುರುಬದುರು ಎರಡು ಗಾಡಿ ದಾಟುವಷ್ಟು ಅಗಲ. ಇಬ್ಬರೂ ನಡೆಯೋದು ತಾನೇ, ದಾರಿಗೆಲ್ಲ ಯಾರಾದರೂ ಪಾಲು ಕೇಳುತ್ತಾರಾ ಅಂತ ಅದನ್ನು ತನ್ನ ಹೆಸರಲ್ಲೇ ಬಿಟ್ಟು ಅಜ್ಜ ಕಣ್ಣು ಮುಚ್ಚಿದ.

ಅಪ್ಪ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡಾಗ ಇವಳಿನ್ನೂ ಲಂಗದ ಹುಡುಗಿ. ದೊಡ್ಡಪ್ಪ ದಿನಾ ಬಂದು ಮಂಚದ ಪಕ್ಕ ಕೂತು, ತಮ್ಮನ ಕಾಲು ಒತ್ತಿ, "ನೀನು ಎದ್ದು ಓಡಾಡೋ ತನಕ ಹೊಲ ನಾನು ನೋಡ್ಕೋತೀನಿ, ನೀನು ಯೋಚನೆ ಮಾಡ್ಬೇಡ" ಅನ್ನುತ್ತಿದ್ದ. ನೋಡಿಕೊಂಡ, ಚೆನ್ನಾಗಿಯೇ ನೋಡಿಕೊಂಡ. ಒಂದು ದಿನ ಬೀಜ ಕೊಡೋರು ಹೆಬ್ಬೆಟ್ಟು ಕೇಳ್ತಾರೆ ಅಂತ ಕಾಗದ ತಂದ. ಅಪ್ಪನ ಕೈ ನಡುಗುತ್ತಿತ್ತು. "ಮಗಳೇ, ನಿಮ್ಮಪ್ಪನ ಕೈ ಸ್ವಲ್ಪ ಹಿಡ್ಕೋ, ಮಸಿ ಹರಡುತ್ತೆ" ಅಂದ. ಇವಳು ಅಪ್ಪನ ಹೆಬ್ಬೆರಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಮಸಿಗೆ ಅದ್ದಿ, ದೊಡ್ಡಪ್ಪ ತೋರಿಸಿದ ಕಡೆಯಲ್ಲೆಲ್ಲ ಒತ್ತಿದಳು. "ಜಾಣೆ" ಅಂತ ತಲೆ ಸವರಿದ. ಅಪ್ಪ ತೀರಿಕೊಂಡ ಮೇಲೆ ಗೊತ್ತಾಯಿತು, ಹಿಂದಿನ ಹೊಲ ದೊಡ್ಡಪ್ಪನ ಹೆಸರಿಗೆ ಹೋಗಿ ಎಷ್ಟೋ ದಿನವಾಗಿತ್ತು.

ಪಂಚಾಯಿತಿ ಸೇರಿತು, ದೊಡ್ಡಪ್ಪನ ಮನೆಯ ಪಡಸಾಲೆಯಲ್ಲಿ. ಹಿರಿಯರೆಲ್ಲ ಅವನ ಮನೆಯ ಊಟ ಮಾಡಿ, ಅವನ ಚಾಪೆಯ ಮೇಲೆ ಕೂತು ನ್ಯಾಯ ಹೇಳೋಕೆ ಬಂದವರು. ಅಮ್ಮ ಬಾಗಿಲ ಹಿಂದೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಇವಳು ಒಳಗೆ ಬಂದು ನೇರವಾಗಿ ಕೇಳಿದಳು: "ದೊಡ್ಡಪ್ಪ, ನೀವು ಹೊಲ ನೋಡ್ಕೋತೀನಿ ಅಂದ್ರಿ. ಈಗ ನಾನೂ ಅಮ್ಮನೂ ಏನು ಮಾಡ್ಬೇಕು?"

ದೊಡ್ಡಪ್ಪ ಎಲೆ ಅಡಿಕೆ ಜಗಿಯುತ್ತ, ಹಿರಿಯರ ಕಡೆ ಒಂದು ಕಣ್ಣು ಹೊಡೆದು, "ನಿನ್ನ ದಾರಿ ನೀನು ನೋಡ್ಕೋ" ಅಂದ.

ಪಡಸಾಲೆಯಲ್ಲಿ ಕೂತವರೆಲ್ಲ ನಕ್ಕರು. ಇವಳ ಬಾಯಿ ಮಾತ್ರ ಕಟ್ಟಲಿಲ್ಲ. "ಆಗಲಿ ದೊಡ್ಡಪ್ಪ. ಹಾಗಾದ್ರೆ ಆ ದಾರಿನೇ ನನ್ನ ಹೆಸರಿಗೆ ಬರ್ಕೊಡಿ" ಅಂದಳು.

ಇನ್ನೂ ಜೋರಾಗಿ ನಕ್ಕರು. ಹುಡುಗಿಗೆ ಬುದ್ಧಿ ನೆಟ್ಟಗಿಲ್ಲ, ಹೊಲ ಹೋದರೂ ದಾರಿ ಕೇಳ್ತಾಳೆ ಅಂತ ಒಬ್ಬ ತೊಡೆ ತಟ್ಟಿಕೊಂಡ. ದೊಡ್ಡಪ್ಪನಿಗೆ ಅದು ಎಷ್ಟು ರುಚಿಸಿತೆಂದರೆ, ನಗುತ್ತಲೇ ಬರೆದುಕೊಟ್ಟು, ನಗುತ್ತಲೇ ಸಹಿ ಹಾಕಿದ. ಅವನ ಗಾಡಿ ಆ ದಾರಿಯಲ್ಲೇ ಓಡಾಡುತ್ತ ಬಂತು. ಅದನ್ನು ತಡೆಯೋಕೆ ಲಂಗದ ಹುಡುಗಿಯಿಂದ ಆಗುತ್ತದಾ ಅನ್ನೋ ಧೈರ್ಯ ಅವನಿಗೆ. ಇವಳೂ ತಡೆಯಲಿಲ್ಲ. ಮೂಳೆ ಗಟ್ಟಿಯಾಗಲಿ ಅಂತ ಕಾದಳು.

ಗಿರಣಿ ಸಿಕ್ಕಿದ್ದು ಮದುವೆಯಾಗಿ. ಗಂಡ ಒಳ್ಳೆಯವನು, ಅರ್ಧ ಕಿವುಡ. ಹುಟ್ಟುಕಿವುಡ ಏನಲ್ಲ, ಗಿರಣಿ ಗದ್ದಲದಲ್ಲಿ ಬೆಳೆದು ಹಾಗಾದದ್ದು. ಗಿರಣಿಯ ಕೋಣೆ ಉದ್ದಕ್ಕಿದೆ, ಒಂದೇ ಕಿಟಕಿ, ಅದರ ಸರಳುಗಳ ಮೇಲೂ ಹಿಟ್ಟು. ಮೂಲೆಯಲ್ಲಿ ಮೋಟಾರು, ಅಲ್ಲಿಂದ ರಬ್ಬರು ಪಟ್ಟಾ ಹಾದು ಬೀಸೋ ಕಲ್ಲುಗಳಿರೋ ಡಬ್ಬಕ್ಕೆ. ಮೇಲೆ ಕಾಳು ಸುರಿಯೋ ಬುಟ್ಟಿಬಾಯಿ, ಕೆಳಗೆ ಹಿಟ್ಟು ಇಳಿಯೋ ಬಟ್ಟೆಯ ಚೀಲ. ಗೋಡೆಗೆ ಒತ್ತಿದ ಬೆಂಚಿನ ಮೇಲೆ ಡಬ್ಬಿ ಹಿಡಿದು ಕೂತ ಹೆಂಗಸರು. ಪರರ ಹೊಲದ ಕಾಳನ್ನು ಪರರ ಮನೆಗೆ ಹಿಟ್ಟು ಮಾಡಿ ಕಳಿಸುತ್ತ ಅವಳ ತಲೆ ಬೆಳ್ಳಗಾಯಿತು. ಅದು ಹಿಟ್ಟೋ ವಯಸ್ಸೋ ಅಂತ ಗಂಡ ಆಗಾಗ ಕೈಯಿಂದ ಒರೆಸಿ ನೋಡಿ ತಮಾಷೆ ಮಾಡುತ್ತಿದ್ದ.

ಕಲ್ಲು ನುಣುಪಾದಾಗ ಬಿಚ್ಚಿ, ಉಳಿ ಹಿಡಿದು ಹಲ್ಲು ಕಡಿಯಬೇಕು. ಆ ಕೆಲಸ ಅವಳು ಗಂಡನಿಗೂ ಬಿಡುತ್ತಿರಲಿಲ್ಲ. ಬಾಗಿಲು ಹಾಕಿ ಕೂತು, ಒಂದೊಂದು ಪೆಟ್ಟಿಗೂ ಒಂದೊಂದು ಪದ ಹೇಳುತ್ತಿದ್ದಳು. ನಿನ್ನ. ದಾರಿ. ನೀನು. ನೋಡ್ಕೋ. ಗಮನಿಸಿ, 'ನಿಮ್ಮ' ಅಲ್ಲ, 'ನಿನ್ನ'. ಹುಟ್ಟಿದಾಗಿನಿಂದ ದೊಡ್ಡಪ್ಪನನ್ನು ನೀವು ಅಂದವಳು ಅವಳು. ಕೊಡೋ ದಿನ ಬಹುವಚನ ಕಿತ್ತುಹಾಕಿ ಕೊಡಬೇಕು, ನಾಲ್ಕು ಜನ ಕೇಳಿಸಿಕೊಳ್ಳಬೇಕು, ಅವನ ಮುಖ ಇಳಿಯೋದನ್ನು ಕಣ್ಣಾರೆ ನೋಡಬೇಕು. ಇಷ್ಟೇ ಅವಳ ಆಸೆ.

ದೊಡ್ಡಪ್ಪನ ಮಗನಿಗೆ ಸೈಟಣ್ಣ ಅಂತ ಹೆಸರು. ಅವನಪ್ಪ ಹೊಲ ಕೂಡಿಸಿದ, ಇವನು ಕಳೆಯೋಕೆ ಹುಟ್ಟಿದವನು. ನೇಗಿಲು ಮುಟ್ಟದ ಕೈ. ರಸ್ತೆ ಕಡೆಯ ಹೊಲಕ್ಕೆ ಸುಣ್ಣದ ಗೆರೆ ಎಳೆದು, ಗೂಟ ಹೊಡೆದು, ಕೇಕು ಕತ್ತರಿಸಿದಷ್ಟು ಸಲೀಸಾಗಿ ಮಾರಿದ. ಕೊಂಡವರು ಮನೆ ಕಟ್ಟಿ, ಗೋಡೆ ಎಬ್ಬಿಸಿ, ಗಾಡಿದಾರಿಗೆ ಬೆನ್ನು ತಿರುಗಿಸಿ ಕೂತರು. ಕೊನೆಗೆ ಉಳಿದದ್ದು ಹಿಂದಿನ ಹೊಲ, ಅಂದರೆ ಇವಳ ಅಪ್ಪನದು. ಅದನ್ನು ಗೋದಾಮು ಕಟ್ಟೋರು ಕೇಳಿಕೊಂಡು ಬಂದರು. ಒಂದು ಕಡೆ ಕಾಲುವೆ, ಇನ್ನೆರಡು ಕಡೆ ಈಚೆಗೆ ಎದ್ದ ಕಾರ್ಖಾನೆಯ ಗೋಡೆ, ಮುಂದೆ ತಾನೇ ಮಾರಿದ ಸೈಟುಗಳು. ಲಾರಿ ಎಲ್ಲಿಂದ ಬರುತ್ತೆ ಅಂತ ಗೋದಾಮಿನವರು ಕೇಳಿದಾಗ ಸೈಟಣ್ಣನಿಗೆ ತಂಗಿಯ ನೆನಪಾಯಿತು.

ಒಂದು ಬೆಳಿಗ್ಗೆ ಗಿರಣಿಗೆ ಬಂದ. ಹಿಟ್ಟು ಮೆತ್ತೀತೆಂದು ಪ್ಯಾಂಟು ಎತ್ತಿಕೊಂಡು ಬೆಂಚಿನ ತುದಿಯಲ್ಲಿ ಕೂತ.

"ಏನಮ್ಮ, ಚೆನ್ನಾಗಿದೀಯಾ? ನಮ್ಮನೆ ಕಡೆ ಬರೋದೇ ಬಿಟ್ಬಿಟ್ಟೆ."

"ಬರೋಕೆ ದಾರಿ ಇತ್ತು ಅಣ್ಣ, ಕೆಲಸ ಇರಲಿಲ್ಲ" ಅಂದಳು, ಬುಟ್ಟಿಬಾಯಿಗೆ ಕಾಳು ಸುರಿಯುತ್ತ.

"ಅದೇ, ಆ ದಾರಿ ವಿಷಯಕ್ಕೇ ಬಂದೆ. ಸುಮ್ನೆ ಬಿದ್ದಿದೆ ಅಲ್ವಾ. ನಿನಗೇನು ಉಪಯೋಗ? ಗೋದಾಮಿನವರು ನಿನ್ನ ಕೈಯೂ ತುಂಬಿಸ್ತಾರೆ. ಒಂದು ಸಹಿ ಹಾಕಿಬಿಡು."

ಅವಳು ಮೋಟಾರು ನಿಲ್ಲಿಸಲಿಲ್ಲ. ಅವನು ಕೂಗಿಕೊಂಡು ಹೇಳಬೇಕಾಯಿತು, ಬೆಂಚಿನ ಹೆಂಗಸರೆಲ್ಲ ಕೇಳಿಸಿಕೊಂಡರು. ಅವಳಿಗೆ ಬೇಕಾದದ್ದೂ ಅದೇ.

"ದಾರಿ ಕೊಟ್ಟವರು ನಿಮ್ಮಪ್ಪ. ಕೇಳೋದೂ ಅವರೇ ಕೇಳ್ಲಿ. ಇಲ್ಲಿಗೆ ಬಂದು, ಬಾಯಿಬಿಟ್ಟು, ದಾರಿ ಬಿಡಮ್ಮ ಅನ್ಲಿ. ಆಮೇಲೆ ನೋಡೋಣ."

ಸೈಟಣ್ಣನ ಮುಖ ಯಾಕೋ ಕಪ್ಪಿಟ್ಟಿತು. ಅಪ್ಪನಿಗೆ ವಯಸ್ಸಾಗಿದೆ, ಮಂಡಿ ನೋವು, ಬಿಸಿಲಿಗೆ ಆಗಲ್ಲ ಅಂತ ತಡವರಿಸಿದ. ಮತ್ತೊಂದು ದಿನ ಹೆಂಡತಿಯನ್ನು ಕಳಿಸಿದ; ಅವಳು ಹಣ್ಣಿನ ಬುಟ್ಟಿ ತಂದು ಮೂಗೊರೆಸಿಕೊಂಡು ಹೋದಳು. ಆಮೇಲೆ ಇಬ್ಬರು ಹಿರಿಯರು ಬಂದು ಬೆಣ್ಣೆ ಹಚ್ಚಿದರು. ಎಲ್ಲರಿಗೂ ಒಂದೇ ಉತ್ತರ: ದೊಡ್ಡಪ್ಪ ಬರಲಿ. ಸ್ವಂತ ಗಂಡ ಕೂಡ ಊಟಕ್ಕೆ ಕೂತಾಗ, "ಕೊಟ್ಬಿಡೇ, ಇಷ್ಟು ವರ್ಷ ಹೊಟ್ಟೆಯೊಳಗೆ ಬೆಂಕಿ ಇಟ್ಕೊಂಡು ಏನು ಬೇಯಿಸಿದೆ?" ಅಂದ.

"ಕೇಳಿಸಲಿಲ್ಲ" ಅಂದಳು.

"ಕಿವುಡ ನಾನು" ಅಂತ ಅವನು ಅನ್ನ ಕಲಸಿಕೊಂಡ.

ಗೋದಾಮಿನವರು ಬೇರೆ ಕಡೆ ಜಾಗ ನೋಡುತ್ತಿದ್ದಾರೆ ಅಂತ ಸುದ್ದಿ ಬಂದ ಮೇಲೆ ಸೈಟಣ್ಣನಿಗೆ ಬೇರೆ ದಾರಿ ಉಳಿಯಲಿಲ್ಲ. ಒಗೆದ ಬಿಳಿ ಅಂಗಿ ತೊಡಿಸಿ, ತಲೆ ಬಾಚಿಸಿ, ಅಪ್ಪನ ರಟ್ಟೆ ಹಿಡಿದು ಕರೆತಂದ. ಗಿರಣಿ ತುಂಬ ಜನ. ಅವಳು ಬಾಗಿಲಲ್ಲಿ ದೊಡ್ಡಪ್ಪನನ್ನು ಕಂಡವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುವೆ ಬಂದು ನಿಂತಳು. ಮುದುಕ ಒಣಗಿ ಹೋಗಿದ್ದ. ಪರವಾಗಿಲ್ಲ, ಬಾಯಿ ಇದೆಯಲ್ಲ, ಕಿವಿ ಇದೆಯಲ್ಲ, ಅಷ್ಟು ಸಾಕು ಅಂದುಕೊಂಡಳು.

"ಹೇಳಿ ಅಪ್ಪ" ಅಂತ ಸೈಟಣ್ಣ ಮೊಣಕೈಯಿಂದ ತಿವಿದ. "ದಾರಿ ಬಿಡಮ್ಮ ಅನ್ನಿ. ಮನೇಲಿ ಹೇಳ್ಕೊಟ್ಟಿದ್ದೆನಲ್ಲ."

ದೊಡ್ಡಪ್ಪ ಪಟ್ಟಾ ಸುತ್ತೋದನ್ನು ನೋಡಿದ. ಚೀಲದ ಬಾಯಿಯಿಂದ ಒಂದು ಚಿಟಿಕೆ ಹಿಟ್ಟು ತೆಗೆದು ಬೆರಳಲ್ಲಿ ಉಜ್ಜಿ, "ನಯವಾಗಿದೆ" ಅಂದ. ಆಮೇಲೆ ಅವಳ ಮುಖ ನೋಡಿ, ಪರವೂರಿನ ಹೆಂಗಸನ್ನು ಕೇಳೋ ಮರ್ಯಾದೆಯಲ್ಲಿ ಕೇಳಿದ: "ಅಮ್ಮಾ, ನಮ್ಮನೆಗೆ ಹೋಗೋ ದಾರಿ ಯಾವುದಮ್ಮ?"

ಅವಳಿಗೆ ಅದು ಅರ್ಥವಾಗೋಕೆ ಮೊದಲೇ, ವರ್ಷಗಟ್ಟಲೆ ಉಳಿ ಪೆಟ್ಟಿನಲ್ಲಿ ಕಡೆದಿಟ್ಟ ಮಾತು ಬಾಯಿಂದ ಬಿದ್ದುಹೋಗಿತ್ತು. "ನಿನ್ನ ದಾರಿ ನೀನು ನೋಡ್ಕೋ."

ದೊಡ್ಡಪ್ಪ ತಲೆಯಾಡಿಸಿ, ಹೇಳಿದ ಹಾಗೆ ಕೇಳೋ ಮಗುವಿನಂತೆ ನಿಂತಲ್ಲೇ ಒಂದು ಸುತ್ತು ತಿರುಗಿದ. ಕಿಟಕಿ ಕಡೆ ನೋಡಿದ, ಗೋಡೆ ಕಡೆ ನೋಡಿದ. "ನೋಡ್ತಾನೇ ಇದೀನಮ್ಮ. ಸಿಗ್ತಾ ಇಲ್ಲ" ಅಂದ.

ಬೆಂಚಿನ ಮೇಲಿದ್ದವಳೊಬ್ಬಳು "ಅಯ್ಯೋ ಪಾಪ" ಅಂದಳು. ಹೊಲ ನುಂಗಿದ ಮುದುಕ ಈಗ ದಾರಿಯಮ್ಮನ ಸೇಡನ್ನೂ ನುಂಗಿಬಿಟ್ಟಿದ್ದ. ಇಷ್ಟು ದಿನ ಕಾಪಾಡಿಕೊಂಡು ಬಂದ ಮಾತು, ತೆಗೆದುಕೊಳ್ಳೋ ಮನುಷ್ಯನೇ ಇಲ್ಲದ ವಿಳಾಸಕ್ಕೆ ಹೋದ ಹಾಗೆ. ಯಾರ ಮೇಲೆ ಕೂಗಾಡಬೇಕು ಹೇಳಿ? ಅವಳು ಹೋಗಿ ಮೋಟಾರು ನಿಲ್ಲಿಸಿದಳು. ಪಟ್ಟಾ ಪಟಪಟ ಅಂದು ನಿಂತಿತು. ಕುರ್ಚಿ ಎಳೆದು ಮುದುಕನನ್ನು ಕೂರಿಸಿ, ಲೋಟದಲ್ಲಿ ನೀರು ಕೊಟ್ಟಳು.

"ಹೀಗಾಗಿದೆ ಅಂತ ಮೊದಲೇ ಹೇಳ್ಬಾರದಾ ಅಣ್ಣ?"

"ಏನಂತ ಹೇಳ್ಲಿ? ನನ್ನ ಹೆಸರೇ ಗೊತ್ತಿಲ್ಲ ಅವರಿಗೆ" ಅಂದ ಸೈಟಣ್ಣ. ಮೊದಲ ಸಲ ಅವನ ಮಾತಲ್ಲಿ ಸೋಗಿರಲಿಲ್ಲ.

ಅವಳಿಗೆ ಸಾಕಾಯಿತು ಅನ್ನಿಸಿತು. "ಸರಿ, ಕರ್ಕೊಂಡು ಹೋಗು. ನಾಳೆ ಬಂದು..." ಸಹಿ ಹಾಕ್ತೀನಿ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ದೊಡ್ಡಪ್ಪ ನೀರಿನ ಲೋಟ ಹಿಡಿದೇ ಕುಲುಕುಲು ನಗೋಕೆ ಶುರುಮಾಡಿದ.

"ನಿನ್ನ ದಾರಿ ನೀನು ನೋಡ್ಕೋ ಅಂದ್ಯಲ್ಲ," ಅಂದ ಅವಳ ಕಡೆ ಬಗ್ಗಿ, ಗುಟ್ಟು ಹೇಳೋ ಹಾಗೆ. ಮೋಟಾರು ನಿಂತಿದ್ದರಿಂದ ಆ ಗುಟ್ಟು ಕೊನೆಯ ಬೆಂಚಿಗೂ ಕೇಳಿಸಿತು. "ಆ ಮಾತು ನಂದು ಕಣಮ್ಮ. ನನ್ನ ತಮ್ಮನ ಮಗಳಿಗೆ ಹೇಳಿದ್ದೆ. ಪೆದ್ದು ಹುಡುಗಿ, ನಿಜವಾಗ್ಲೂ ದಾರಿನೇ ಬರೆಸ್ಕೊಂಡು ಹೋದ್ಲು. ಎಲ್ಲಾ ಎಷ್ಟು ನಕ್ಕಿದ್ರು ಗೊತ್ತಾ." ಲೋಟದ ನೀರು ಅಂಗಿ ಮೇಲೆ ತುಳುಕಿತು. "ಅದಕ್ಕೂ ಮೊದಲು ಇನ್ನೊಂದಿದೆ. ಅವಳ ಕೈಯಿಂದಾನೇ ಅವಳಪ್ಪನ ಹೆಬ್ಬೆಟ್ಟು ಒತ್ತಿಸಿದೆ. ಬೀಜದ ಕಾಗದ ಅಂದೆ. ನಂಬಿಬಿಟ್ಲು. ಜಾಣೆ ಅಂದೆ, ಖುಷಿಯಾಗಿ ಇನ್ನೂ ಗಟ್ಟಿ ಒತ್ತಿದ್ಲು." ನಗುವಿಗೆ ಕಣ್ಣಲ್ಲಿ ನೀರು ಬಂತು ಅವನಿಗೆ.

ಸೈಟಣ್ಣ ಅಪ್ಪನ ರಟ್ಟೆ ಹಿಡಿದು ಎಬ್ಬಿಸುತ್ತ, "ಅಪ್ಪಂಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ಏನೇನೋ ಬಡಬಡಿಸ್ತಾರೆ" ಅಂದ.

"ಮಗನ ಹೆಸರು ಹೋಗಿದೆ, ಮನೆ ಹೋಗಿದೆ, ಇದೊಂದು ಮಾತ್ರ ಅಚ್ಚೊತ್ತಿದ ಹಾಗೆ ಉಳ್ಕೊಂಡಿದೆ ನೋಡು" ಅಂದಳು ದಾರಿಯಮ್ಮ. ದನಿ ಏರಿಸಲಿಲ್ಲ. "ಸತ್ತ ತಮ್ಮನನ್ನು ನೆನೆಸ್ಕೊಂಡು ಒಂದು ಹನಿ ಕಣ್ಣೀರಿಲ್ಲ. ನಗೋಕೆ ಉಳಿಸ್ಕೊಂಡಿದಾನೆ."

"ತಂಗಿ, ನಾಳೆ ಬರ್ತೀನಿ ಅಂದ್ಯಲ್ಲ..."

"ನಾಳೆ ಬರ್ತೀನಿ. ದಾರಿ ಹತ್ತಿರಕ್ಕೇ ಬರ್ತೀನಿ."

ಅವರು ಹೋದ ಮೇಲೆ ಗಂಡನ ಕಡೆ ತಿರುಗಿ, ಎಂದಿನ ಅಭ್ಯಾಸಕ್ಕೆ ಗಟ್ಟಿಯಾಗಿ, "ನಾಳೆ ಟ್ರ್ಯಾಕ್ಟರ್ ಬೇಕು ನಂಗೆ, ನೇಗಿಲಿರೋದು" ಅಂದಳು.

"ಕೂಗಬೇಡ, ಕೇಳಿಸ್ತು" ಅಂದ ಗಂಡ. "ನಿನ್ನ ದೊಡ್ಡಪ್ಪ ಹೇಳಿದ್ದೂ ಎಲ್ಲಾ ಕೇಳಿಸ್ತು." ಗೋಡೆಯ ಮೊಳೆಯಿಂದ ಅಂಗಿ ತೆಗೆದು ಹಾಕಿಕೊಂಡು ಟ್ರ್ಯಾಕ್ಟರಿನವನ ಮನೆ ಕಡೆ ಹೊರಟ.

ದಾರಿಯನ್ನು ಉಳೋದು ಅಂದರೆ ಏನಂತ ತಿಳಿದಿರಿ? ಮೂರು ತಲೆಮಾರಿನ ಗಾಡಿಚಕ್ರ ಜಜ್ಜಿದ ನೆಲ ಅದು. ನೇಗಿಲು ಮೊದಲ ಸಲ ಇಳಿಯಲೇ ಇಲ್ಲ, ಮೇಲೆ ಮೇಲೆ ಕುಣಿಯಿತು. ಟ್ರ್ಯಾಕ್ಟರಿನವನು ಇಳಿದು, "ಇದು ಉಳೋ ನೆಲ ಅಲ್ಲಮ್ಮ, ನೇಗಿಲು ಮುರಿಯುತ್ತೆ" ಅಂತ ಗೊಣಗಿದ. ಅವಳು ಕಲ್ಲು ಕಡಿಯೋ ಸುತ್ತಿಗೆ, ಹಾರೆ ತಂದಿದ್ದಳು. ಚಕ್ರದ ಗುರುತುಗಳನ್ನು ಹಾರೆಯಿಂದ ಮೀಟಿ ಒಡೆದಳು, ಗಂಡ ನೀರು ಹಾಯಿಸಿದ. ಮಾರನೆಯ ದಿನ ನೆನೆದ ನೆಲಕ್ಕೆ ನೇಗಿಲು ಕಚ್ಚಿತು. ಮೇಲಿನ ಬಿಳಿ ಹೆಂಟೆ ಮಗುಚಿದ ಮೇಲೆ ಕೆಳಗಿಂದ ಕಪ್ಪು ಮಣ್ಣು ಬಂತು, ಮುತ್ತಜ್ಜ ಬಿಟ್ಟುಹೋದದ್ದು, ಚಕ್ರದಡಿ ಬಚ್ಚಿಟ್ಟುಕೊಂಡು ಕೂತಿದ್ದದ್ದು. ಅವಳು ಒಂದು ಹಿಡಿ ತೆಗೆದು ಮೂಸಿದಳು. ಅತ್ತಳು ಕೂಡ, ಯಾರೂ ನೋಡದ ಹಾಗೆ ಕಾಲುವೆ ಕಡೆ ತಿರುಗಿ.

ಸೈಟಣ್ಣ ಓಡಿಬಂದ. ಗೋದಾಮಿನವರನ್ನೂ ಕರೆತಂದಿದ್ದ. ಅವರು ಉತ್ತ ಸಾಲುಗಳನ್ನು ನೋಡಿ, ಒಬ್ಬರ ಮುಖ ಒಬ್ಬರು ನೋಡಿ, ಕಾರು ತಿರುಗಿಸಿಕೊಂಡರು.

"ನನ್ನ ಹೊಲಕ್ಕೆ ನಾನೇ ಹೋಗೋ ಹಾಗಿಲ್ವಾ? ಕೋರ್ಟಿಗೆ ಹೋಗ್ತೀನಿ ನಾನು" ಅಂದ ಸೈಟಣ್ಣ.

"ಹೋಗು ಅಣ್ಣ. ಅಲ್ಲಿಗೆ ದಾರಿ ಇದೆ" ಅಂದಳು. ಟ್ರ್ಯಾಕ್ಟರಿನವನು ಮುಖ ಆಚೆ ಮಾಡಿಕೊಂಡು ನಕ್ಕ.

ಅವನು ಕೋರ್ಟಿಗೆ ಹೋದ, ಇನ್ನೂ ಹೋಗುತ್ತಲೇ ಇದ್ದಾನೆ. ಕೋರ್ಟು ಅವನಿಗೆ ದಾರಿ ಕೊಟ್ಟರೂ ಕೊಡಬಹುದು, ಕಾನೂನು ಯಾರಪ್ಪನ ಮನೆಯದೂ ಅಲ್ಲ. ಅದು ಅವಳಿಗೂ ಗೊತ್ತು. ಆದರೆ ಗೋದಾಮಿನವರು ಕಾಯಲಿಲ್ಲ, ಬೇರೆಲ್ಲೋ ಕಟ್ಟಿದರು. ಹಿಂದಿನ ಹೊಲದಲ್ಲಿ ಮುಳ್ಳು ಬೆಳೆದು, ಅಪ್ಪ ಬೆವರು ಸುರಿಸಿದ ನೆಲ ಕಣ್ಣೆದುರೇ ಹಾಳುಬಿತ್ತು. ಹಾಳು ಬೀಳಲಿ, ಅವರ ಪಾಲಾಗೋದು ಬೇಡ ಅಂತ ಅವಳು ಹಲ್ಲು ಕಚ್ಚಿದಳು.

ದಾರಿಗೆ ಜೋಳ ಹಾಕಿದಳು. ಒಂದು ಕಡೆ ಸೈಟುಗಳ ಗೋಡೆ, ಇನ್ನೊಂದು ಕಡೆ ಕಾಲುವೆ, ನಡುವೆ ಬಿಚ್ಚಿ ಹಾಸಿದ ಸೀರೆಯ ಹಾಗೆ ಉದ್ದೋಉದ್ದ ಹಸಿರು. ಮನೆಗಳ ಹಿತ್ತಿಲ ಕಿಟಕಿಯಿಂದ ಜನ ನೋಡಿ ನಕ್ಕರು. ನಗಲಿ ಬಿಡಿ, ಆ ಹೊಲಕ್ಕೆ ನಗು ಹೊಸದಲ್ಲ. ಪೈರು ಮೊಣಕಾಲಿಗೆ ಬಂದಾಗ ಅವಳು ಬೆಳಿಗ್ಗೆ ಗಿರಣಿಯನ್ನು ಗಂಡನಿಗೆ ಬಿಟ್ಟು ಕಳೆ ಕೀಳೋಕೆ ಹೋಗುತ್ತಿದ್ದಳು.

ಹಾಗೆ ಒಂದು ಬೆಳಿಗ್ಗೆ ರಸ್ತೆ ತುದಿಯಲ್ಲಿ ದೊಡ್ಡಪ್ಪ ನಿಂತಿದ್ದ. ಯಾರ ಕಣ್ಣೋ ತಪ್ಪಿಸಿ ಬಂದಿದ್ದ, ಅಂಗಿಯ ಗುಂಡಿ ಅಡ್ಡಾದಿಡ್ಡಿ ಹಾಕಿಕೊಂಡಿದ್ದ. ಪೈರಿನ ಮುಂದೆ ನಿಂತು ಕಾಲು ಮುಂದಿಟ್ಟ, ಹಿಂದೆ ತೆಗೆದ. ಎಷ್ಟಾದರೂ ಒಕ್ಕಲು ಕಾಲು, ಬೆಳೆ ತುಳಿಯಲು ಬರಲಿಲ್ಲ ಅದಕ್ಕೆ.

"ಇಲ್ಲಿ ದಾರಿ ಇತ್ತಲ್ಲಮ್ಮ. ಏನಾಯ್ತು?"

"ಉತ್ತುಬಿಟ್ಟೆ" ಅಂದಳು.

"ದಾರಿನ ಯಾರಾದ್ರೂ ಉಳ್ತಾರಾ?" ಅವನಿಗೆ ನಿಜಕ್ಕೂ ಗಾಬರಿಯಾಗಿತ್ತು. "ಹಿಂದೆ ನನ್ನ ತಮ್ಮ ಇದಾನೆ. ಊಟಕ್ಕೆ ಕರೀಬೇಕು."

ಕಳೆ ಕೀಳುತ್ತಿದ್ದ ಅವಳ ಕೈ ನಿಂತಿತು. ಒಂದು ಕ್ಷಣ ಅವನ ಮುಖವನ್ನೇ ನೋಡಿದಳು. ಅಲ್ಲಿ ನಗು ಇರಲಿಲ್ಲ. ಆದರೂ ಅವಳ ಮನಸ್ಸು ಕರಗಲಿಲ್ಲ. ಕರಗೋದಿದ್ದರೆ ಅವತ್ತು ಗಿರಣಿಯಲ್ಲೇ ಕರಗಿ ಮುಗಿಯುತ್ತಿತ್ತು.

"ಕರಿ ದೊಡ್ಡಪ್ಪ. ಇಲ್ಲೇ ನಿಂತ್ಕೊಂಡು ಕರಿ. ಕೇಳಿಸುತ್ತಾ ನೋಡೋಣ" ಅಂದಳು.

ಅವನು ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ತಮ್ಮನನ್ನು ಕೂಗೋಕೆ ಶುರುಮಾಡಿದ. ಅವಳು ಅವನನ್ನು ಅಲ್ಲೇ ಬಿಟ್ಟು ಸಾಲು ಹಿಡಿದು ಕಳೆ ಕೀಳುತ್ತ ಒಳಗೆ ನಡೆದಳು. ಮೊದಲ ಮನೆಯ ಗೋಡೆ ದಾಟೋ ತನಕ ಕೂಗು ಚೆನ್ನಾಗಿ ಕೇಳಿಸುತ್ತಿತ್ತು. ಮುಂದೆ ಮುಂದೆ ಹೋದ ಹಾಗೆ ಸಣ್ಣಗಾಯಿತು. ಹಿಂದಿನ ಹೊಲದ ಕೊನೆಗೆ ಬಂದು ಸೊಂಟ ನೆಟ್ಟಗೆ ಮಾಡಿ ತಿರುಗಿ ನೋಡಿದಳು. ರಸ್ತೆ ತುದಿಯಲ್ಲಿ ಬಿಳಿ ಅಂಗಿ ಕೈ ಎತ್ತಿ ಬೀಸುತ್ತಿತ್ತು, ಸದ್ದು ಮಾತ್ರ ಒಂದಿಷ್ಟೂ ಬರುತ್ತಿರಲಿಲ್ಲ. ಅವಳು ಕಿವಿಗೊಟ್ಟು ಚೆನ್ನಾಗಿ ಆಲಿಸಿ ಖಾತ್ರಿ ಮಾಡಿಕೊಂಡು, ಮತ್ತೆ ಬಗ್ಗಿ ಪಕ್ಕದ ಸಾಲು ಹಿಡಿದಳು.